ಎರಡು ದೋಣಿ ಸಾಕು, ಹುಡುಗಿಯರು ಗಾಳಿ ಹಿಡಿದಾರು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಕೊಪ್ಪಳ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಾಶಿ ಯಂತ್ರ ಬರುವ ಮುಂಚೆ ಯಲಬುರ್ಗಾ, ಕುಷ್ಟಗಿ ಕಡೆಯ ಕಣಗಳಲ್ಲಿ ಗಾಳಿ ಬಿದ್ದುಹೋದರೆ ಮೊರ ಹಿಡಿದ ಹೆಣ್ಣುಮಕ್ಕಳು ಕೈಕಟ್ಟಿ ಕೂಡುತ್ತಿರಲಿಲ್ಲ. ಬೇವಿನ ಎಲೆ ಅಲುಗಿತೇ, ಹೊಟ್ಟು ಯಾವ ಕಡೆ ಹಾರಿತು ಎಂದು ಕಣ್ಣಿಟ್ಟು ಕಾಯುತ್ತಿದ್ದರು. ಒಂದು ಎಳೆ ಗಾಳಿ ಬಂದರೂ ಸಾಕು, ಅದೇ ಗಳಿಗೆಗೆ ಮೊರ ಮೇಲಕ್ಕೆ ಹೋಗುತ್ತಿತ್ತು. ಇದೇ ಜಾಣತನವನ್ನು ಬಂಡವಾಳ ಮಾಡಿಕೊಂಡ ಆಟವೊಂದು ಜಗತ್ತಿನಲ್ಲಿದೆ. ಅದು ಹಾಯಿದೋಣಿ ಪಂದ್ಯ.

ಈ ಪಂದ್ಯದಲ್ಲಿ ಎರಡು ಬಗೆ. ಹತ್ತಿಪ್ಪತ್ತು ದೋಣಿಗಳು ಒಟ್ಟಿಗೆ ಓಡುವುದು ಒಂದು. ಅದು ಬಂಡಿ ಓಟವಿದ್ದಂತೆ. ಎರಡೇ ದೋಣಿಗಳು ಎದುರುಬದುರು ಸೆಣಸುವುದು ಇನ್ನೊಂದು. ಇದಕ್ಕೆ ‘ಮ್ಯಾಚ್ ರೇಸಿಂಗ್’ ಎನ್ನುತ್ತಾರೆ. ಇದು ಕುಸ್ತಿ ಇದ್ದಂತೆ. ಜೋಡಿ ಬಿಟ್ಟ ಕೂಡಲೇ ಪೈಲ್ವಾನರು ಮೇಲೆ ಬೀಳುವುದಿಲ್ಲ, ಸುತ್ತು ಹಾಕುತ್ತ ಹಿಡಿತ ಹುಡುಕುತ್ತಾರೆ. ಹಾಗೆಯೇ ಪಂದ್ಯ ಆರಂಭಕ್ಕೆ ಮುಂಚಿನ ಕೆಲವು ನಿಮಿಷ ಎರಡೂ ದೋಣಿಗಳು ಒಂದನ್ನೊಂದು ಸುತ್ತುತ್ತ ಎದುರಾಳಿಯನ್ನು ತಪ್ಪಿಗೆ ಸಿಕ್ಕಿಸಲು ನೋಡುತ್ತವೆ. ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಗಡೆಯಿಂದ ಗಾಳಿ ಪಡೆಯುವ ದೋಣಿ ದಾರಿ ಬಿಡಬೇಕು. ಬಿಡದಿದ್ದರೆ ಬೆನ್ನಿಗೇ ದೋಣಿಯಲ್ಲಿ ಬರುವ ಅಂಪೈರುಗಳು ಬಾವುಟ ಎತ್ತುತ್ತಾರೆ. ತಪ್ಪು ಮಾಡಿದವರು ದೋಣಿ ತಿರುಗಿಸಿ ದಂಡ ತೆರಬೇಕು. ಮೊದಲು ಗುರಿ ಮುಟ್ಟಿದವರು ಗೆದ್ದರು, ಅಷ್ಟೇ ಲೆಕ್ಕ.

ಬಿರುಗಾಳಿಯಲ್ಲಿ ತೋಳಿನ ಬಲ ಕೆಲಸಕ್ಕೆ ಬರುತ್ತದೆ. ಗಾಳಿ ಸಣ್ಣಗಾದಾಗ ನಿಜವಾದ ಪರೀಕ್ಷೆ. ನೀರಿನ ಮೇಲೆ ಎಲ್ಲಿ ಕಪ್ಪು ಮಡಿಕೆ ಮೂಡಿತು, ಅಲ್ಲಿ ಗಾಳಿ ಇದೆ ಎಂದರ್ಥ. ಕನ್ನಡಿಯಂತೆ ಹೊಳೆದರೆ ಗಾಳಿ ಇಲ್ಲ. ದೋಣಿಯಲ್ಲಿದ್ದವರು ಉಸಿರು ಬಿಗಿಹಿಡಿದಂತೆ ಅಲುಗಾಡದೆ ಕೂಡಬೇಕು. ದೋಣಿ ತುಸು ವಾಲುವಂತೆ ಒಂದೇ ಮಗ್ಗುಲಿಗೆ ಕೂತರೆ ಹಾಯಿ ತನ್ನ ಭಾರಕ್ಕೇ ಆಕಾರ ಪಡೆಯುತ್ತದೆ. ಮೈ ಕುಲುಕಿಸಿ ದೋಣಿ ಓಡಿಸುವುದು ನಿಯಮಬಾಹಿರ. ಮುಂದಿರುವವರು ತಮ್ಮ ಹಾಯಿಯ ಮರೆಯಲ್ಲಿ ಹಿಂದಿನವರನ್ನು ಇಟ್ಟು ಗಾಳಿ ಕದಿಯುತ್ತಾರೆ. ಹಿಂದಿನವರು ಪಕ್ಕಕ್ಕೆ ಸರಿದು ಹೊಸ ಗಾಳಿ ಹುಡುಕುತ್ತಾರೆ. ಗಾಳಿ ತೀರ ಸತ್ತರೆ ಕೆಂಪು ಬಿಳಿ ಪಟ್ಟೆಯ ಬಾವುಟ ಹಾರಿಸಿ ಪಂದ್ಯ ತಡೆಯುತ್ತಾರೆ. ಇಲ್ಲಿ ಹಗುರ ಮೈ ಲಾಭ, ತಾಳ್ಮೆ ದುಪ್ಪಟ್ಟು ಲಾಭ. ಹೆಣ್ಣುಮಕ್ಕಳಿಗೆ ಒಗ್ಗದ ಆಟ ಇದು ಎನ್ನಲು ಯಾವ ಆಧಾರವೂ ಇಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾಚ್ ರೇಸಿಂಗ್ ನಡೆಯಿತು. ಒಂದೊಂದು ದೋಣಿಗೆ ಮೂವರು. ಸ್ಪೇನಿನ ತಂಡ ಫೈನಲ್ಲಿನಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿ ಚಿನ್ನ ಗೆದ್ದಿತು. ಮುಂದಿನ ಒಲಿಂಪಿಕ್ಸ್‌ಗೆ ಆ ಸ್ಪರ್ಧೆ ಕೈಬಿಟ್ಟು ಬೇರೆ ದೋಣಿ ತಂದರು. ಭಾರತದ ಹುಡುಗಿಯರೂ ಹಿಂದೆ ಬಿದ್ದಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಜೋಡಿ ಬೆಳ್ಳಿ ತಂದಿತು. ಚೆನ್ನೈನ ನೇತ್ರಾ ಕುಮನನ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಮತ್ತು 2024ರ ಪ್ಯಾರಿಸ್ ಒಲಿಂಪಿಕ್ಸ್ ಎರಡರಲ್ಲೂ ಹಾಯಿ ಬಿಚ್ಚಿದರು. 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಗೋವೆಗೆ ಮರಳಿದರು.

ಸಮುದ್ರದ ಊರಿನವರಿಗೆ ಇದೆಲ್ಲ ಸಲೀಸು ಎನ್ನುವವರು ನೇಹಾ ಠಾಕೂರ್ ಕತೆ ಕೇಳಬೇಕು. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಸಮುದ್ರ ನೂರಾರು ಮೈಲಿ ದೂರ. ಅವಳು ಕಲಿತದ್ದು ಭೋಪಾಲದ ಕೆರೆಯಲ್ಲಿ. ರಾಜಾ ಭೋಜ ಕಟ್ಟಿಸಿದನೆಂದು ಹೇಳುವ ಆ ದೊಡ್ಡ ಕೆರೆಯ ದಂಡೆಯಲ್ಲಿ ಹಾಯಿದೋಣಿ ಶಾಲೆ ಇದೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 17 ವರ್ಷದ ಈ ಹುಡುಗಿ ಬೆಳ್ಳಿ ಗೆದ್ದಳು. ಕೆರೆ ಇದ್ದದ್ದು ಸಾವಿರ ವರ್ಷದಿಂದ. ಪದಕ ಬಂದದ್ದು ಶಾಲೆ ತೆರೆದ ಮೇಲೆ.

ಇನ್ನು ಈ ಜಿಲ್ಲೆಯ ಸಂಗತಿ. 1953ರಿಂದ ಮುನಿರಾಬಾದಿನ ಮಗ್ಗುಲಲ್ಲೇ ತುಂಗಭದ್ರೆಯ ನೀರು ನಿಂತಿದೆ. ತುಂಬಿದಾಗ ಜಲಾಶಯದ ಹರವು 378 ಚದರ ಕಿಲೋಮೀಟರು. 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ, ಆದರೂ ದೋಣಿಗೆ ಕೊರತೆಯಿಲ್ಲ. ಆನೆಗೊಂದಿಯಲ್ಲಿ ಬುಟ್ಟಿಯಂಥ ದುಂಡು ಹರಿಗೋಲಿನಲ್ಲಿ ಜನ, ದನ, ಕುದುರೆ ದಾಟುವುದನ್ನು ವಿಜಯನಗರ ಕಾಲದಲ್ಲೇ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಸಾಣಾಪುರದಲ್ಲಿ ಇಂದಿಗೂ ಪ್ರವಾಸಿಗರು ಹರಿಗೋಲು ಹತ್ತುತ್ತಾರೆ. ಆದರೆ ಹುಟ್ಟು ಹಾಕುವ ಕೈ ಗಂಡಸಿನದು. ಹುಡುಗಿಗೆ ಮನೆಯಲ್ಲಿ ಕಲಿಸುವ ಪಾಠ ಒಂದೇ: ‘ನೀರ ಹತ್ರ ಹೋಗಬ್ಯಾಡ.’

ಹಾಗೆ ಹೇಳಿದರೂ ಹೋಗುವುದು ತಪ್ಪಿದೆಯೇ? ಬಟ್ಟೆ ಒಗೆಯಲು ಕಾಲುವೆಗೆ, ದನಕ್ಕೆ ನೀರು ಕುಡಿಸಲು ಕೆರೆಗೆ ಹೋಗುವವರು ಅವರೇ. ಕಾಲು ಜಾರಿದರೆ ಈಜು ಬಾರದು. ಒಬ್ಬಳನ್ನು ಹಿಡಿಯಲು ಹೋಗಿ ಇನ್ನೊಬ್ಬಳೂ ಮುಳುಗಿದ ಸುದ್ದಿ ಬೇಸಿಗೆಯ ಸಂಜೆ ಬಸ್ಸಿನಲ್ಲಿ ಪತ್ರಿಕೆ ಬಿಚ್ಚುವವರಿಗೆ ಹೊಸದಲ್ಲ. ಹಾಯಿದೋಣಿ ಕಲಿಸುವ ಕಡೆ ಮೊದಲ ಪಾಠ ಈಜು. ಪದಕ ಬರಲಿ ಬಿಡಲಿ, ಜೀವ ಉಳಿದೀತು. ಈ ಮಾತಿನ ತೂಕ ಅಲ್ಲಿದೆ.

‘ಅಲ್ರೀ, ಯಲಬುರ್ಗಾದಾಗ ಕುಡಿಯಾಕ ನೀರಿಗೆ ಪರದಾಡ್ತಾರ, ಸಾಹುಕಾರರ ದೋಣಿ ಆಟ ಯಾರಿಗೆ ಬೇಕಾಗೈತ್ರಿ?’ ಎಂದು ಅಂಗಡಿ ಕಟ್ಟೆಯ ಮೇಲೆ ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ದೋಣಿ ಒಂದು ಹನಿ ನೀರನ್ನೂ ಕುಡಿಯುವುದಿಲ್ಲ. ಗಂಗಾವತಿಯ ಗದ್ದೆಗೆ ಹೋಗುವ ನೀರು ಹೋಗಿಯೇ ಹೋಗುತ್ತದೆ. ಸಾಹುಕಾರರ ಆಟ ಎಂಬ ಮಾತಿಗೂ ಉತ್ತರವಿದೆ. ಮ್ಯಾಚ್ ರೇಸಿಂಗಿನಲ್ಲಿ ಸಾಮಾನ್ಯವಾಗಿ ತಂಡದವರು ದೋಣಿ ತರುವುದಿಲ್ಲ. ಪಂದ್ಯ ನಡೆಸುವವರೇ ಒಂದೇ ಅಚ್ಚಿನ ದೋಣಿಗಳನ್ನು ಕೊಡುತ್ತಾರೆ, ತಂಡಗಳು ಅದಲುಬದಲಾಗಿ ಹತ್ತುತ್ತವೆ. ಎರಡು ದೋಣಿ ಇದ್ದರೆ ಏಳು ತಾಲೂಕಿನ ತಂಡಗಳು ಸರದಿಯ ಮೇಲೆ ಸೆಣಸಬಹುದು. ನಿಜಾಮರ ಕಾಲದಲ್ಲಿ ಈ ಸೀಮೆಗೆ ರಾಜಧಾನಿಯಾಗಿದ್ದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡವರ ಮಕ್ಕಳಿಗೆ ಹಾಯಿ ಹಿಡಿಯಲು ಕಲಿಸುತ್ತಿರುವ ಕ್ಲಬ್ಬು ಇದೆ. ಅಲ್ಲಿ ಆದದ್ದು ಇಲ್ಲಿ ಏಕಾಗದು?

ಅಪಾಯ ಇಲ್ಲವೆಂದು ಹೇಳುವುದು ಮೋಸವಾದೀತು. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಅಣೆಕಟ್ಟಿನ ಕೆಳಗಿನ ಸುಮಾರು 34 ಕಿಲೋಮೀಟರು ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ತಾಣ. ಅಲ್ಲಿ ದೋಣಿ ಪಂದ್ಯದ ಮಾತೇ ಬೇಡ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾದದ್ದನ್ನು ಯಾರೂ ಮರೆತಿಲ್ಲ. ಆಷಾಢದ ಗಾಳಿಯಲ್ಲಿ, ಗೇಟುಗಳ ಹತ್ತಿರ, ಹೊಸಬರನ್ನು ಇಳಿಸುವಂತಿಲ್ಲ. ಆದರೆ ದೀಪಾವಳಿ ಕಳೆದ ಮೇಲೆ ಗಾಳಿಯ ಆರ್ಭಟ ಇಳಿಯುತ್ತದೆ, ಹಿನ್ನೀರಿನಲ್ಲಿ ನೀರು ಇನ್ನೂ ಇರುತ್ತದೆ. ಕಲಿಯುವವರಿಗೆ ಸಣ್ಣ ಗಾಳಿಯ ಆ ದಿನಗಳೇ ಹದ. ನೀರಾವರಿ ಮತ್ತು ಅರಣ್ಯ ಇಲಾಖೆಯವರು ಕೂಡಿ ಜಾಗ ಗುರುತಿಸಲಿ; ಲೈಫ್ ಜಾಕೆಟ್ ಇಲ್ಲದವರು ದೋಣಿ ಹತ್ತಬಾರದು, ರಕ್ಷಣಾ ದೋಣಿ ಇಲ್ಲದ ದಿನ ಪಾಠ ನಡೆಯಬಾರದು.

ತಾಯಿತಂದೆಯರ ಅಳುಕು ಇನ್ನೊಂದು. ‘ನಾಕು ಮಂದಿ ಏನಂದಾರು?’ ಎಂಬುದಕ್ಕಿಂತ ‘ಹೊತ್ತು ಮುಳುಗುವುದರೊಳಗೆ ಮನೆಗೆ ಬಂದಾಳೇ?’ ಎಂಬುದು ದೊಡ್ಡ ಅಳುಕು. ಅದಕ್ಕೆ ಭಾಷಣ ಉತ್ತರವಲ್ಲ. ಕಲಿಸಲು ಮಹಿಳಾ ತರಬೇತುದಾರರು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ, ಸಂಜೆಗೆ ಮುಂಚೆ ಹೊರಡುವ ಬಸ್ಸು, ಇವು ಉತ್ತರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜಿನ ಚಿಂತೆ ನೀಗಿದೆ. ಹುಲಿಗೆಮ್ಮನ ಹುಣ್ಣಿಮೆಗೆ ಬಸ್ಸು ಹೊಂದಿಸುವ ಸಾರಿಗೆಯವರಿಗೆ ಭಾನುವಾರಕ್ಕೊಂದು ಬಸ್ಸು ಕುಷ್ಟಗಿ, ಯಲಬುರ್ಗಾಗಳಿಂದ ಮುನಿರಾಬಾದಿಗೆ ಬಿಡುವುದು ಬೆಟ್ಟ ಕಡಿಯುವ ಕೆಲಸವಲ್ಲ.

ದುಡ್ಡು ಎಲ್ಲಿಂದ? 371(ಜೆ) ಬಂದ ಮೇಲೆ ಈ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಾಂಪೌಂಡು, ಕಮಾನು, ಸಮುದಾಯ ಭವನಗಳ ನಡುವೆ ಎರಡು ದೋಣಿಗೆ ಜಾಗ ಸಿಗದೇ? ಸರ್ಕಾರ ಕಣ್ಣುಬಿಡುವವರೆಗೆ ಕಾಯುವ ಊರೂ ಇದಲ್ಲ. 2019ರಲ್ಲಿ ಗವಿಮಠದ ಸ್ವಾಮೀಜಿಯವರು ಮುಂದೆ ನಿಂತಾಗ ಹಿರೇಹಳ್ಳದ ಹೂಳು, ಮುಳ್ಳು ತೆಗೆಯಲು ಜನ ಕೈ ಜೋಡಿಸಿದರು. ಅದೇ ಜನ ಜಾತ್ರೆಯ ತೆಪ್ಪೋತ್ಸವ ನೋಡಲು ದಂಡೆಯ ಮೇಲೆ ಕಿಕ್ಕಿರಿಯುತ್ತಾರೆ. ದೋಣಿಯ ಪಂದ್ಯ ನಡೆದರೆ ದಂಡೆಯ ಮೇಲೆ ಮಿರ್ಚಿ ಮಂಡಕ್ಕಿ, ಚಹಾ ಮಾರುವವರಿಗೂ ನಾಕು ಕಾಸು.

ಜಿಲ್ಲಾಧಿಕಾರಿಗಳು, ಕ್ರೀಡಾ ಇಲಾಖೆಯವರು, ಏಳು ತಾಲೂಕಿನ ಶಾಸಕರು ಮೊದಲು ಮಾಡಬೇಕಾದ್ದು ಬಹಳವಿಲ್ಲ. ಈ ಬೇಸಿಗೆಗೆ ತಾಲೂಕಿಗೆ ಇಪ್ಪತ್ತು ಹುಡುಗಿಯರಿಗೆ ಈಜು. ಅದರಲ್ಲಿ ಗಟ್ಟಿಯಾದವರಿಗೆ ದೀಪಾವಳಿ ಮುಗಿದ ಮೇಲೆ ಹಾಯಿ. ನೀರು ಎದುರಿಗಿದೆ, ಗಾಳಿ ಬಿಟ್ಟಿ ಬರುತ್ತದೆ. ತೂರಿಕೊಳ್ಳಲು ಮೊರ ಕೊಡುವುದಷ್ಟೇ ಬಾಕಿ. ಸಂಬಂಧಪಟ್ಟವರು ಕೊಡುವರೇ?