ಭಾಷಾ ಟ್ಯೂಷನ್‌ಗೆ ಫೀಸು ಕಟ್ಟಿದ್ದಾಯ್ತು, ಮಗು ಬಾಯಿ ಬಿಡ್ತಿದೆಯಾ?

ಜಯನಗರ: ಶಾಲೆ ಶುರುವಾದರೆ ಸಾಕು, ಜಯನಗರ, ಜೆ.ಪಿ.ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಗೇಟುಗಳ ಮೇಲೆ ಟ್ಯೂಷನ್ ಬೋರ್ಡುಗಳು ಕಾಣಿಸಿಕೊಳ್ಳುತ್ತವೆ. ಗಣಿತ, ವಿಜ್ಞಾನದ ಜೊತೆಗೆ ಈಗ ಇಂಗ್ಲಿಷ್ ಗ್ರಾಮರ್, ಸ್ಪೋಕನ್ ಇಂಗ್ಲಿಷ್, ಕನ್ನಡ, ಹಿಂದಿಗೂ ಬೇಡಿಕೆ ಇದೆ. ‘ಮಗುವಿನ ಆತ್ಮವಿಶ್ವಾಸ ಹೆಚ್ಚಿಸುತ್ತೇವೆ’ ಅನ್ನೋ ಭರವಸೆಯೂ ಜೊತೆಗಿರುತ್ತೆ. ಆ ಭರವಸೆ ಎಷ್ಟರ ಮಟ್ಟಿಗೆ ನಿಜ ಅನ್ನೋದೇ ಪ್ರಶ್ನೆ.

ಈ ಭಾಗದಲ್ಲಿ ಬೇಡಿಕೆ ಎರಡು ಕಡೆಯಿಂದ ಬರುತ್ತಿದೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಭಯ. ಹೊರರಾಜ್ಯದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳಿಗೆ ಕನ್ನಡದ ಭಯ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಅನ್ವಯಿಸುವುದರಿಂದ ಕನ್ನಡ ಬಿಟ್ಟು ಮುಂದೆ ಹೋಗೋ ಹಾಗಿಲ್ಲ.

ಸಮಸ್ಯೆ ಇರೋದು ಪರೀಕ್ಷೆಯ ಲೆಕ್ಕದಲ್ಲಿ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125. ಅದರಲ್ಲಿ 100 ಬರವಣಿಗೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಹೀಗಾಗಿ ಟ್ಯೂಷನ್‌ನಲ್ಲೂ ಪ್ರಶ್ನೋತ್ತರ ಬರೆಸುವುದು, ಪ್ರಬಂಧ ಬಾಯಿಪಾಠ ಮಾಡಿಸುವುದೇ ಹೆಚ್ಚು. ಅಂಕ ಬರುತ್ತೆ, ಆದರೆ ಮಾತು ಬರಲ್ಲ. ಮನೇಲಿ ವಟವಟ ಅನ್ನೋ ಮಗು ಕ್ಲಾಸಲ್ಲಿ ಎದ್ದು ನಿಂತರೆ ತಲೆ ತಗ್ಗಿಸುತ್ತೆ.

40 ಮಕ್ಕಳ ತರಗತಿಯಲ್ಲಿ 40 ನಿಮಿಷದ ಪೀರಿಯಡ್ ಇದ್ದರೆ ಒಬ್ಬೊಬ್ಬರಿಗೆ ಸಿಗೋದು ಒಂದೇ ನಿಮಿಷ, ಅದೂ ಟೀಚರ್ ಸುಮ್ಮನಿದ್ದರೆ! ಆ ಕೊರತೆ ತುಂಬುವುದೇ ಟ್ಯೂಷನ್‌ನ ನಿಜವಾದ ಕೆಲಸ. ಅಲ್ಲೂ 20 ಮಕ್ಕಳನ್ನು ಕೂರಿಸಿ ನೋಟ್ಸ್ ಬರೆಸಿದರೆ ಶಾಲೆಗೂ ಅದಕ್ಕೂ ವ್ಯತ್ಯಾಸವೇನು? ತಪ್ಪಾದರೆ ನಗ್ತಾರೆ ಅನ್ನೋ ಹೆದರಿಕೆಯೇ ಮಗುವಿನ ಬಾಯಿ ಕಟ್ಟಿಹಾಕೋದು. ವಾಕ್ಯದ ಮಧ್ಯದಲ್ಲೇ ತಡೆದು ತಿದ್ದಿದರೆ ಆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತೆ. ಪೂರ್ತಿ ಹೇಳಲು ಬಿಟ್ಟು, ಆಮೇಲೆ ಒಂದೆರಡು ತಪ್ಪನ್ನಷ್ಟೇ ತಿದ್ದುವವರ ಹತ್ತಿರ ಮಕ್ಕಳು ಬೇಗ ಮಾತಾಡುತ್ತಾರೆ.

ಕಾನೂನಿನ ಕಾವಲು ಇಲ್ಲಿ ತೆಳು. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿ, 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಸಂಬಂಧಿಸಿದ್ದು. ಮನೆ ಮಹಡಿಯ ಸಣ್ಣ ಟ್ಯೂಷನ್ ಅದರ ಲೆಕ್ಕಕ್ಕೇ ಬರಲ್ಲ. ಶಾಲಾ ಶಿಕ್ಷಕರು ಖಾಸಗಿ ಪಾಠ ಮಾಡುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಪಾಠ ಹೇಳುವವರು ಯಾರು, ಅವರ ಅನುಭವ ಏನು ಅಂತ ವಿಚಾರಿಸುವ ಹೊಣೆ ಪೋಷಕರದ್ದೇ.

ಫೀಸು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಒಂದು ಗಂಟೆಯಲ್ಲಿ ನನ್ನ ಮಗು ಎಷ್ಟು ನಿಮಿಷ ಮಾತಾಡುತ್ತೆ? ಪಠ್ಯ ಬಿಟ್ಟು ಬೇರೆ ಪುಸ್ತಕ ಓದಿಸ್ತೀರಾ? ಸೇರಿಸಿದ ದಿನ ಮಗು ಒಂದು ಕಥೆ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮೂರು ತಿಂಗಳ ನಂತರ ಮತ್ತೆ ಮಾಡಿ. ಎರಡನ್ನೂ ಕೇಳಿದರೆ ಕೊಟ್ಟ ದುಡ್ಡಿಗೆ ಏನು ಬಂತು ಅಂತ ತಿಳಿಯುತ್ತೆ.

ಟ್ಯೂಷನ್ ಕಟ್ಟೋಕೆ ಆಗದವರಿಗೂ ದಾರಿ ಇದೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ಇದೇ ಮನೆ, ಅಂಗಡಿಗಳ ಮಾಲೀಕರು. ಆ ದುಡ್ಡಿನಲ್ಲಿ ನಡೆಯುವ ಬಡಾವಣೆಯ ಗ್ರಂಥಾಲಯಗಳಲ್ಲಿ ಭಾನುವಾರ ಒಂದು ಗಂಟೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಅಂತ ಕೇಳುವ ಹಕ್ಕು ಅವರಿಗಿದೆ. ಅಲ್ಲಿಯವರೆಗೆ ಅಂಗಡಿಯ ಗಲ್ಲಾ ಪಕ್ಕವೇ ಕೂರಿಸಿ ದಿನಾ ಹತ್ತು ನಿಮಿಷ ಪೇಪರ್ ಓದಿಸಿ, ಓದಿದ್ದನ್ನು ಸ್ವಂತ ಮಾತಲ್ಲಿ ಹೇಳಿಸಿ. ತಪ್ಪಿದರೆ ನಗಬೇಡಿ, ಅಷ್ಟೇ.