ಕಾರ್ಖಾನೆಗೆ ಹಾರುವ ಕಾವಲು: ಹಾರಾಟಕ್ಕೆ ನಿಯಮವಿದೆ, ನೋಟಕ್ಕಿಲ್ಲ

ನೂರಾರು, ಸಾವಿರಾರು ಎಕರೆಗಳಲ್ಲಿ ಹರಡಿಕೊಂಡಿರುವ ಉಕ್ಕಿನ ಸ್ಥಾವರ, ತೈಲ ಶುದ್ಧೀಕರಣಾಗಾರ, ಗಣಿ ಹಾಗೂ ಬಂದರುಗಳನ್ನು ಕಾಯುವುದು ಎಂದಿಗೂ ಸುಲಭದ ಕೆಲಸವಾಗಿರಲಿಲ್ಲ. ಕಿಲೋಮೀಟರುಗಟ್ಟಲೆ ಉದ್ದದ ಆವರಣ ಗೋಡೆಯನ್ನು ರಾತ್ರಿ ಪಾಳಿಯ ಕಾವಲುಗಾರ ಟಾರ್ಚ್ ಹಿಡಿದು ಒಂದು ಸುತ್ತು ಬರುವಷ್ಟರಲ್ಲಿ ಕಳ್ಳ ತನ್ನ ಕೆಲಸ ಮುಗಿಸಿ ಹೋಗಿರುತ್ತಾನೆ. ಕಂಬಕ್ಕೆ ಬಿಗಿದ ಕ್ಯಾಮೆರಾದ ದೃಷ್ಟಿಗೂ ಮಿತಿಯಿದೆ. ಈ ಕೊರತೆಯನ್ನು ನೀಗಿಸಲು ಬಂದಿರುವುದೇ ಕಾವಲಿನ ಡ್ರೋನ್. ಆದರೆ ಆಕಾಶದ ಈ ಕಣ್ಣಿಗೆ ಬೀಳುವವನು ಕಳ್ಳನೊಬ್ಬನೇ ಅಲ್ಲ. ಗೋಡೆಯ ಒಳಗಿರುವ ಕಾರ್ಮಿಕನೂ, ಹೊರಗಿರುವ ಊರೂ ಅದಕ್ಕೆ ಕಾಣುತ್ತವೆ. ಆ ನೋಟಕ್ಕೆ ಕಡಿವಾಣ ಯಾವುದು ಎಂಬ ಪ್ರಶ್ನೆಗೆ ದೇಶದ ಕಾನೂನು ನೀಡುವ ಉತ್ತರ ಸಮಾಧಾನಕರವಾಗಿಲ್ಲ.

ಶಕ್ತಿಯೂ ಮಿತಿಯೂ

ಕಾವಲಿನ ಡ್ರೋನ್‌ಗೆ ಸಾಮಾನ್ಯವಾಗಿ ಎರಡು ಕ್ಯಾಮೆರಾಗಳಿರುತ್ತವೆ. ಒಂದು ಹಗಲಿನ ನೋಟಕ್ಕೆ. ಇನ್ನೊಂದು ದೇಹದ ಅಥವಾ ಯಂತ್ರದ ಶಾಖವನ್ನು ಗುರುತಿಸಿ ಕತ್ತಲಲ್ಲೂ ಕಾಣುವಂಥದ್ದು. ಬ್ಯಾಟರಿಯ ಬಲದಿಂದ ಅರ್ಧ ಗಂಟೆಯ ಆಸುಪಾಸು ಹಾರಿ ಮರಳುವ ಯಂತ್ರಗಳೇ ಹೆಚ್ಚು. ಪೆಟ್ಟಿಗೆಯೊಂದರಲ್ಲಿ ಕುಳಿತಿದ್ದು, ಬೇಲಿಯ ಬಳಿ ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ತಾನಾಗಿಯೇ ಮೇಲೇರಿ, ಮರಳಿ ಬಂದು ಬ್ಯಾಟರಿ ತುಂಬಿಸಿಕೊಳ್ಳುವ ವ್ಯವಸ್ಥೆಗಳೂ ಬಂದಿವೆ.

ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವಂತಿಲ್ಲ. ಕರಾವಳಿಯ ಮುಂಗಾರು ಮಳೆ, ಗಾಳಿಗೆ ಸಣ್ಣ ಡ್ರೋನ್ ನಿಲ್ಲುವುದು ಕಷ್ಟ. ಉರಿಯುವ ಅನಿಲ ಸೇರಿರಬಹುದಾದ ಜಾಗದಲ್ಲಿ ಅದರ ಮೋಟಾರು ಮತ್ತು ಬ್ಯಾಟರಿಯೇ ಕಿಡಿಗೆ ಕಾರಣವಾಗಬಹುದು. ನೋಡುವ ಡ್ರೋನ್ ದಾಳಿಯ ಡ್ರೋನನ್ನು ತಡೆಯಲಾರದು ಎಂಬುದನ್ನೂ ಮರೆಯಬಾರದು. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯದ ಅಬ್ಕೈಕ್ ಮತ್ತು ಖುರೈಸ್ ತೈಲ ಘಟಕಗಳ ಮೇಲೆ ನಡೆದ ಡ್ರೋನ್ ಹಾಗೂ ಕ್ಷಿಪಣಿ ದಾಳಿಯಿಂದ ದಿನಕ್ಕೆ ಸುಮಾರು 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತುಹೋಗಿತ್ತು. ಅದು ಆ ದೇಶದ ಉತ್ಪಾದನೆಯ ಹೆಚ್ಚುಕಡಿಮೆ ಅರ್ಧ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿದ್ದಾಗ ಅದೇ ಅಪಾಯ ಭಾರತದೊಳಗೂ ಕಾಲಿಟ್ಟಿತು. ಇಂಥ ದಾಳಿಯನ್ನು ತಡೆಯಲು ಬೇಕಾದ ಸಲಕರಣೆಯೇ ಬೇರೆ. ಆ ಭಯವನ್ನು ತೋರಿಸಿ ಕಣ್ಗಾವಲಿನ ಡ್ರೋನ್ ಕೊಳ್ಳುವುದು ನೆಗಡಿಯ ಮದ್ದಿನಿಂದ ಮುರಿದ ಕಾಲಿಗೆ ಚಿಕಿತ್ಸೆ ಮಾಡಿದಂತೆ.

ಕಾನೂನು ಕಂಡದ್ದೇನು?

ಜಮ್ಮು ಘಟನೆಯಾದ ಎರಡು ತಿಂಗಳಿಗೆ, 2021ರ ಆಗಸ್ಟ್ 25ರಂದು, ಕೇಂದ್ರ ಸರ್ಕಾರ ಡ್ರೋನ್ ನಿಯಮಗಳನ್ನು ಪ್ರಕಟಿಸಿತು. ಅಚ್ಚರಿಯೆಂದರೆ, ಅವು ಬಿಗಿಯಾಗುವ ಬದಲು ಸಡಿಲವಾದವು. ಅರ್ಜಿ ನಮೂನೆಗಳು 25ರಿಂದ 5ಕ್ಕೆ ಇಳಿದವು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಯಿತು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಾಟಕ್ಕೆ ಅನುಮತಿಯ ಅಗತ್ಯ ಉಳಿಯಲಿಲ್ಲ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಕರ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಯಂತ್ರದ ತೂಕ, ನೋಂದಣಿ ಸಂಖ್ಯೆ, ಹಾರಿಸುವವನ ಪ್ರಮಾಣಪತ್ರ ಎಲ್ಲಕ್ಕೂ ವಿಧಿ ಇದೆ. ಹೊಸ ಉದ್ಯಮವೊಂದಕ್ಕೆ ದಾರಿ ತೆರೆದ ಈ ಸರಳೀಕರಣ ಸ್ವಾಗತಾರ್ಹವೇ.

ಆದರೆ ಈ ನಿಯಮಗಳು ಲೆಕ್ಕ ಹಾಕಿದ್ದು ಡ್ರೋನ್ ಎಲ್ಲಿ ಹಾರುತ್ತದೆ ಎಂಬುದನ್ನು; ಅದು ಏನನ್ನು ನೋಡುತ್ತದೆ ಎಂಬುದನ್ನಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಹೊರಬಂದಿದ್ದ ಹಿಂದಿನ ನಿಯಮಾವಳಿಯಲ್ಲಿ, ಚಿತ್ರೀಕರಿಸುವಾಗ ವ್ಯಕ್ತಿಯ ಖಾಸಗಿತನವನ್ನು ಕಾಪಾಡಬೇಕೆಂಬ ಮಾತಾದರೂ ಇತ್ತು. ಆಗಸ್ಟ್‌ನ ಸರಳೀಕರಣದಲ್ಲಿ ಆ ಮಾತೂ ಉಳಿಯಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತ್ತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾಗಿ ನಾಲ್ಕೇ ವರ್ಷಕ್ಕೆ ಹೀಗಾದದ್ದು ವಿಪರ್ಯಾಸ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಬಿರುಕನ್ನು ಮುಚ್ಚೀತೆಂಬ ನಿರೀಕ್ಷೆಯಿತ್ತು. ಆದರೆ ಉದ್ಯೋಗದ ಉದ್ದೇಶಕ್ಕೆ, ಅಥವಾ ಮಾಲೀಕನನ್ನು ನಷ್ಟ ಮತ್ತು ಹೊಣೆಗಾರಿಕೆಯಿಂದ ಕಾಪಾಡುವ ಉದ್ದೇಶಕ್ಕೆ, ನೌಕರನ ಸಮ್ಮತಿಯಿಲ್ಲದೆಯೇ ಅವನ ಮಾಹಿತಿಯನ್ನು ಬಳಸಲು ಅದರ 7ನೇ ಕಲಮು ಅವಕಾಶ ನೀಡುತ್ತದೆ. ಕಬ್ಬಿಣದ ಕಳವು ತಡೆಯಲೆಂದು ಮೇಲೇರಿದ ಡ್ರೋನ್, ಗುತ್ತಿಗೆ ಕಾರ್ಮಿಕ ಎಷ್ಟು ಹೊತ್ತು ನೆರಳಲ್ಲಿ ಕುಳಿತ, ಗೇಟಿನ ಹೊರಗೆ ಸೇರಿದ ಸಂಘದ ಸಭೆಯಲ್ಲಿ ಯಾರು ಯಾರಿದ್ದರು ಎಂಬುದನ್ನೂ ದಾಖಲಿಸಿದರೆ ಕೇಳುವವರು ಯಾರು? ಬೇಲಿಗೆ ಹೊಂದಿಕೊಂಡ ಮನೆಯ ಅಂಗಳ ಚಿತ್ರದಲ್ಲಿ ಸೇರಿದರೆ ಆ ಮನೆಯವರು ಯಾರ ಬಳಿ ದೂರು ಒಯ್ಯಬೇಕು? ಅವರು ಕಾರ್ಖಾನೆಯ ನೌಕರರೂ ಅಲ್ಲ, ತಮ್ಮ ಚಿತ್ರ ಸೆರೆಯಾದದ್ದು ಅವರಿಗೆ ಗೊತ್ತಾಗುವುದೂ ಇಲ್ಲ.

ಬಳ್ಳಾರಿಯ ಪಾಠ

ಇದೇ ಯಂತ್ರವನ್ನು ಇನ್ನೊಂದು ದಿಕ್ಕಿಗೂ ತಿರುಗಿಸಬಹುದು ಎಂಬುದಕ್ಕೆ ಗಣಿ ಕ್ಷೇತ್ರ ಸಾಕ್ಷಿ. 2021ರ ನವೆಂಬರ್‌ನಲ್ಲಿ ತಿದ್ದುಪಡಿಯಾದ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ, ವರ್ಷಕ್ಕೆ 10 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಅಗೆಯುವ ಯೋಜನೆಯುಳ್ಳ, ಇಲ್ಲವೇ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆ ಹೊಂದಿರುವ ಗಣಿಗಳು ಪ್ರತಿವರ್ಷ ಡ್ರೋನ್ ಸಮೀಕ್ಷೆಯ ಚಿತ್ರಗಳನ್ನು ಸಲ್ಲಿಸಬೇಕು. ಗುತ್ತಿಗೆಯ ಗಡಿಯಿಂದ ಆಚೆ 100 ಮೀಟರಿನವರೆಗಿನ ನೆಲವೂ ಅದರಲ್ಲಿ ಇರಬೇಕು.

ಈ ನೂರು ಮೀಟರಿನ ಬೆಲೆ ಬಳ್ಳಾರಿ ಬಲ್ಲವರಿಗೆ ಗೊತ್ತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲಿ ಹೊರಬಂದಾಗ ರಾಜ್ಯ ಕಂಡದ್ದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು. ನಂತರ ಗುತ್ತಿಗೆಗಳನ್ನು ಅತಿಕ್ರಮಣದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಬೇಕಾಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅಂದು ಗಡಿ ದಾಟಿದವರು ಹೊರಗಿನಿಂದ ಗೋಡೆ ಹಾರಿ ಬಂದ ಕಳ್ಳರಲ್ಲ. ಮಾಲೀಕನ ಆಸ್ತಿಗೆ ಕಾವಲಿದ್ದರೆ ಸಾಲದು, ಸಾರ್ವಜನಿಕರ ಆಸ್ತಿಗೂ ಮಾಲೀಕನಿಂದ ಕಾವಲು ಬೇಕು ಎಂಬುದೇ ಆ ಪ್ರಕರಣದ ಪಾಠ.

ಜೀವಕ್ಕೆ ಮೊದಲ ಕಾವಲು

2025ರ ಜುಲೈ 12ರಂದು ಸುರತ್ಕಲ್ ಸಮೀಪದ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಸಿಕ್ಕಿ ಇಬ್ಬರು ನೌಕರರು ಮೃತಪಟ್ಟರು. ಅವರು ಪ್ರಜ್ಞಾಹೀನರಾಗಿ ಕಂಡುಬಂದದ್ದು ತೈಲ ಸಂಗ್ರಹ ಟ್ಯಾಂಕೊಂದರ ಮೇಲ್ಭಾಗದಲ್ಲಿ. ಡ್ರೋನ್ ಇದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ಹೇಳುವುದು ದುಡುಕಾದೀತು. ಆದರೆ ಕೈಗಾರಿಕೆಯಲ್ಲಿ ರಕ್ಷಣೆ ಬೇಕಾದುದು ಸರಕಿಗಿಂತ ಮೊದಲು ಮನುಷ್ಯನಿಗೆ ಎಂಬುದನ್ನು ಆ ದುರಂತ ನೆನಪಿಸುತ್ತದೆ. ಅನಿಲ ಸೋರಿಕೆಯನ್ನು ದೂರದಿಂದಲೇ ಗುರುತಿಸುವ ಕ್ಯಾಮೆರಾಗಳನ್ನು ಇಂದು ಡ್ರೋನ್‌ಗೆ ಅಳವಡಿಸಬಹುದು. ಚಿಮಣಿಯ ತುದಿ, ಟ್ಯಾಂಕಿನ ಛಾವಣಿಗಳ ಪ್ರಾಥಮಿಕ ತಪಾಸಣೆಗೆ ಪ್ರತಿ ಸಲವೂ ಮನುಷ್ಯನನ್ನು ಹತ್ತಿಸಬೇಕಾಗಿಲ್ಲ. ಕಳವು ತಡೆಯಲು ಡ್ರೋನ್ ಕೊಳ್ಳುವ ಸಂಸ್ಥೆ ಈ ಕೆಲಸಕ್ಕೂ ಅದನ್ನು ಬಳಸುತ್ತದೆಯೇ ಎಂಬುದೇ ಅದರ ಉದ್ದೇಶಕ್ಕೆ ಒರೆಗಲ್ಲು.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ಡ್ರೋನ್ ಯಾವ ಕೆಲಸಕ್ಕೆ ಹಾರುತ್ತದೆ ಎಂಬುದನ್ನು ಲಿಖಿತವಾಗಿ ಘೋಷಿಸಬೇಕು. ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳಲಾಗುತ್ತದೆ, ಯಾರು ನೋಡಬಹುದು ಎಂಬುದಕ್ಕೆ ಮಿತಿ ಇರಬೇಕು. ಕಾರ್ಮಿಕ ಸಂಘ ಮತ್ತು ಪಕ್ಕದ ಗ್ರಾಮ ಪಂಚಾಯಿತಿಗೆ ಮುಂಚಿತವಾಗಿ ಮಾಹಿತಿ ಹೋಗಬೇಕು. ಅವಘಡವಾದಾಗ ಆ ದಿನದ ಚಿತ್ರಗಳು ಕಾರ್ಖಾನೆ ನಿರೀಕ್ಷಕರ ಕೈಗೂ ಸಿಗಬೇಕು. ಡ್ರೋನ್‌ಗಳಿಗೆ ಪ್ರತ್ಯೇಕ ಕಾಯ್ದೆ ತರಲೆಂದು ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ಕರಡು ಮಸೂದೆಯನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತು. ನೋಟದ ಕಟ್ಟುಪಾಡುಗಳನ್ನೂ ಬರೆದಿಡಲು ಇಂಥ ಕಾಯ್ದೆಯೇ ಸರಿಯಾದ ಜಾಗ. ಕಾವಲುಗಾರನಿಗೆ ಕಣ್ಣು ಕೊಟ್ಟವರು, ಆ ಕಣ್ಣು ತಮ್ಮ ತಪ್ಪುಗಳನ್ನೂ ನೋಡಲು ಬಿಟ್ಟಾಗಲೇ ಅದು ಕಾವಲು ಎನಿಸಿಕೊಳ್ಳುತ್ತದೆ.