ಎರಡು ಮಂಚದ ಕೋಣೆಯಲ್ಲಿ ಒಂಟಿ ಎಲೆಕ್ಟ್ರಾನ್

ನಿಕಲ್ ಲೋಹದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಅದೇ ನಿಕಲ್ ಆಮ್ಲಜನಕದ ಜೊತೆ ಸೇರಿ ನಿಕಲ್ ಆಕ್ಸೈಡ್ ಎಂಬ ಹಸಿರು ಪುಡಿಯಾದರೆ ಹರಿಯುವುದಿಲ್ಲ. ಇದರಲ್ಲೇನು ವಿಶೇಷ ಅಂತೀರಾ? 1930ರ ದಶಕದ ಭೌತಶಾಸ್ತ್ರದ ಲೆಕ್ಕದ ಪ್ರಕಾರ ಈ ಪುಡಿಯಲ್ಲೂ ಹರಿಯಬೇಕಿತ್ತು!

ಆ ಲೆಕ್ಕ ಹೀಗಿತ್ತು: ಪ್ರತಿ ಎಲೆಕ್ಟ್ರಾನ್ ತನ್ನ ಪಾಡಿಗೆ ತಾನು ಓಡಾಡುತ್ತದೆ. ಓಡಾಡಲು ಖಾಲಿ ಜಾಗವಿದ್ದರೆ ಆ ವಸ್ತು ವಾಹಕ, ಎಲ್ಲ ಭರ್ತಿಯಾಗಿದ್ದರೆ ಅವಾಹಕ. ತಾಮ್ರಕ್ಕೆ, ಸಿಲಿಕಾನ್‌ಗೆ ಇದು ಚೆನ್ನಾಗಿ ಹೊಂದಿತು. ನಿಕಲ್ ಆಕ್ಸೈಡಿನಲ್ಲಿ ಮಾತ್ರ ಖಾಲಿ ಜಾಗವಿದ್ದೂ ಎಲೆಕ್ಟ್ರಾನುಗಳು ಕದಲುವುದಿಲ್ಲ. 1937ರಲ್ಲಿ ಡಿ ಬೋರ್ ಮತ್ತು ವರ್ವೆ ಎಂಬ ಡಚ್ ವಿಜ್ಞಾನಿಗಳು ಈ ತೊಡಕನ್ನು ಮುಂದಿಟ್ಟರು. ರುಡಾಲ್ಫ್ ಪೈಯರ್ಲ್ಸ್ ಮತ್ತು ನೆವಿಲ್ ಮಾಟ್ ಕಾರಣ ಸೂಚಿಸಿದರು: ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುತ್ತವೆ, ಹಳೆಯ ಲೆಕ್ಕ ಅದನ್ನು ಸರಿಯಾಗಿ ಗಣಿಸಿಲ್ಲ.

ನಾವೆಲ್ಲ ಊರು ಬಿಟ್ಟು ಬಂದ ಹೊಸತರಲ್ಲಿ ನೋಡಿರುವ ಪಿಜಿಯನ್ನೇ ನೆನೆಸಿಕೊಳ್ಳಿ. ಪ್ರತಿ ಕೋಣೆಯಲ್ಲಿ ಎರಡು ಮಂಚ, ಆದರೆ ಇರುವುದು ಒಬ್ಬೊಬ್ಬರೇ. ಅರ್ಧ ಮಂಚಗಳು ಖಾಲಿ. ಆದರೂ ಯಾರೂ ಪಕ್ಕದ ಕೋಣೆಗೆ ಹೋಗುವುದಿಲ್ಲ, ಏಕೆಂದರೆ ಇನ್ನೊಬ್ಬರ ಜೊತೆ ಇರುವುದು ಯಾರಿಗೂ ಆಗದು. ಎಲ್ಲರೂ ಇದ್ದಲ್ಲೇ ಇರುತ್ತಾರೆ. ಇಂಥ ವಸ್ತುವಿಗೆ 'ಮಾಟ್ ಅವಾಹಕ' ಎಂದು ಹೆಸರು.

ಈಗ ಕೆಲವರು ಪಿಜಿ ಖಾಲಿ ಮಾಡಿದರು ಅನ್ನಿ. ಖಾಲಿ ಕೋಣೆಗೆ ಪಕ್ಕದವರು, ಅವರ ಕೋಣೆಗೆ ಮತ್ತೊಬ್ಬರು, ಹೀಗೆ ಓಡಾಟ ಶುರು. 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಕೈಯಲ್ಲಿದ್ದದ್ದು ಇಂಥದೇ ವಸ್ತು. ಲ್ಯಾಂಥನಮ್ ತಾಮ್ರದ ಆಕ್ಸೈಡ್ ಮಾಟ್ ಅವಾಹಕ. ಅದರಲ್ಲಿ ಸ್ವಲ್ಪ ಲ್ಯಾಂಥನಮ್ ಬದಲು ಬೇರಿಯಮ್ ಸೇರಿಸಿದರೆ ಕೆಲವು ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಆಗ ಅದು ವಾಹಕವಷ್ಟೇ ಅಲ್ಲ, ಸುಮಾರು 35 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 238 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅತಿವಾಹಕವೇ ಆಗತೊಡಗಿತು. ಮರುವರ್ಷವೇ ಇಬ್ಬರಿಗೂ ನೊಬೆಲ್ ಬಂತು.

ಆದರೆ ಇಂಥ ಆಕ್ಸೈಡುಗಳು ಅತಿವಾಹಕವಾಗುವುದು ಹೇಗೆ ಎಂಬುದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಕಂಪ್ಯೂಟರಿಗೆ ಕೊಟ್ಟರಾಯಿತಲ್ಲ ಅನ್ನಬಹುದು. 1963ರಲ್ಲಿ ಜಾನ್ ಹಬ್ಬರ್ಡ್ ಬರೆದ ಮಾದರಿ ನಮ್ಮ ಪಿಜಿಯಷ್ಟೇ ಸರಳ: ಪ್ರತಿ ಕೋಣೆಗೆ ನಾಲ್ಕೇ ಸ್ಥಿತಿ. ಖಾಲಿ, ಮೊದಲ ಮಂಚದಲ್ಲಿ ಒಬ್ಬರು, ಎರಡನೆಯದರಲ್ಲಿ ಒಬ್ಬರು, ಇಲ್ಲವೇ ಇಬ್ಬರೂ. ಹತ್ತು ಕೋಣೆಗೆ ಹತ್ತು ಲಕ್ಷ ದಾಟುವ ಸಾಧ್ಯತೆಗಳು. ಇಪ್ಪತ್ತಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು. ಚಿಟಿಕೆ ಪುಡಿಯಲ್ಲಿರುವ ಕೋಣೆಗಳ ಸಂಖ್ಯೆಯೋ, ಕೋಟಿ ಕೋಟಿಗಳನ್ನೂ ಮೀರಿದ್ದು. ಎಷ್ಟು ಸರ್ವರ್ ಜೋಡಿಸಿದರೂ ನೇರ ಲೆಕ್ಕ ಮುಗಿಯದು. ಒಂದೊಂದು ಎಲೆಕ್ಟ್ರಾನಿನ ಗುಣ ನಮಗೆ ಚೆನ್ನಾಗಿ ಗೊತ್ತು; ಅವು ಒಟ್ಟಿಗೆ ಸೇರಿದಾಗ ಏನು ಮಾಡುತ್ತವೆ ಎಂಬುದೇ ಕಷ್ಟದ ಪ್ರಶ್ನೆ.